ನಿಧಾನಕ್ಕೆ ಆರಿದ ಗಾಜು

ಜನವರಿ 6

ಗುಬ್ಬಿ,

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ನಿನ್ನ ಅಪ್ಪನ ಮಂಡಿಯೊಂದನ್ನು ಬಿಟ್ಟು. ಅದು ಯಾವತ್ತೂ ನೆಟ್ಟಗಿರಲಿಲ್ಲ. ಮೊನ್ನೆ ನೀನು ಫೋನು ಮಾಡಿದಾಗ ನಾನು "ಹೂಂ, ಹೂಂ" ಅಂದೆನಲ್ಲ, ಒಂದಕ್ಷರವೂ ಕೇಳಿಸಿರಲಿಲ್ಲ. ಮೂವತ್ತು ವರ್ಷ ಗ್ಯಾಸಿನ ಉರಿಯ ಮುಂದೆ ಕೂತು ಗಾಜು ಊದಿದವಳ ಕಿವಿಯಲ್ಲಿ ಇನ್ನೇನು ಉಳಿದೀತು? ನಮ್ಮ ಕಾರ್ಖಾನೆಯ ಪುಡಿ ನಿಮ್ಮ ಹಲ್ಲಿನ ಆಸ್ಪತ್ರೆಗೆ ಬಂದಿದೆಯೆಂದು ಆಮೇಲೆ ಅಪ್ಪ ಹೇಳಿದರು. ಅದಕ್ಕೇ ಈ ಕಾಗದ. ಇನ್ನು ಮೇಲೆ ನೀನೂ ಕಾಗದವನ್ನೇ ಬರೆ. ಕಣ್ಣು ಇನ್ನೂ ನನ್ನ ಮಾತು ಕೇಳುತ್ತದೆ.

ಆ ಪುಡಿ ಏನು ಮಾಡುತ್ತದೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಪುಡಿಯಾಗುವ ಮುಂಚೆ ಅದು ಏನಾಗಿತ್ತು ಎನ್ನುವುದು ಮಾತ್ರ ನಿಮ್ಮ ದೊಡ್ಡ ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಮರಳಿನ ಸತ್ವ, ಸುಣ್ಣ, ಸೋಡಾ, ರಂಜಕ, ಈ ನಾಲ್ಕನ್ನೂ ತೂಗಿ ಪ್ಲಾಟಿನಂ ಮೂಸೆಗೆ ಹಾಕಿ ಕುಲುಮೆಯಲ್ಲಿ ಕರಗಿಸುತ್ತೇವೆ. ಕರಗಿ ಕೆಂಪು ಜೇನಿನ ಹಾಗೆ ಆದಾಗ ಎತ್ತಿ ತಣ್ಣೀರಿನ ತೊಟ್ಟಿಗೆ ಒಂದೇ ಸಲ ಸುರಿಯಬೇಕು. ಆಗ ಅದು ಕಿರುಚಿಕೊಂಡು ಚೂರುಚೂರಾಗುತ್ತದೆ. ನನಗೆ ಕೇಳಿಸುವ ಸದ್ದು ಅದೊಂದೇ ಎಂದು ಇಲ್ಲಿಯವರು ತಮಾಷೆ ಮಾಡುತ್ತಾರೆ. ಆ ಚೂರನ್ನು ಒಣಗಿಸಿ, ಅರೆದು, ಜರಡಿ ಹಿಡಿದು ಸೀಸೆಗೆ ತುಂಬಿದರೆ ನಿಮ್ಮ ಔಷಧ ತಯಾರು.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಕಿರುಚಾಟಕ್ಕೆ ನನ್ನ ಜೀವವೇ ಹೋದಂತಾಗುತ್ತಿತ್ತು. ಗಾಜನ್ನು ಬಿಸಿ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ಕಾದು ನಿಧಾನಕ್ಕೆ ಆರಿಸಬೇಕು, ಆತುರಪಟ್ಟರೆ ಅದು ಸಿಟ್ಟನ್ನು ಒಳಗೇ ಇಟ್ಟುಕೊಂಡು ಒಂದು ದಿನ ಒಡೆಯುತ್ತದೆ ಎಂದು ಎಷ್ಟು ಜನಕ್ಕೆ ಕಲಿಸಿದವಳು ನಾನು! ಈ ಗಾಜಿನದ್ದು ಎಲ್ಲ ತಿರುವುಮುರುವು. ಒಡೆದರೇ ಒಳ್ಳೆಯದು. ದವಡೆಯಲ್ಲಿ ಮೆಲ್ಲಗೆ ಕರಗಿ, ತಾನಿದ್ದ ಜಾಗವನ್ನು ಎಲುಬಿಗೆ ಬಿಟ್ಟುಕೊಟ್ಟು ಹೋಗಲಿ ಎಂದೇ ಇದನ್ನು ಮಾಡುವುದು.

ಯಾರ ಬಾಯಿಗೆ ಹಾಕಿದೆ, ಬರೆ. ನನ್ನ ಗಾಜು ಯಾರ ಮನೆ ಸೇರಿತು ಎಂದು ನನಗೆ ತಿಳಿಯಬೇಕು.

ಕಿವಿ ಕೇಳದಿದ್ದರೂ ಬಾಯಿ ನಿಲ್ಲದ
ನಿನ್ನ ಅಮ್ಮ

ಜನವರಿ 19

ಅಮ್ಮ,

ಕಾಗದ ಸಿಕ್ಕಿತು. ಎರಡು ವರ್ಷದಲ್ಲಿ ನಾವಿಬ್ಬರೂ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಹಾಳೆಗಳಲ್ಲಿತ್ತು.

ಪುಡಿಯನ್ನು ಬುಧವಾರ ಬಳಸಿದೆ. ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಲ್ಲದೆ ನಾನೊಬ್ಬಳೇ ಮಾಡಿದ ಮೊದಲ ಶಸ್ತ್ರಕ್ರಿಯೆ ಅದು. ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಹೆಂಗಸು, ನಲವತ್ತೆಂಟು ವಯಸ್ಸು. ಎಲ್ಲರೂ ಟೈಲರಮ್ಮ ಎನ್ನುತ್ತಾರೆ. ವಸಡಿನ ಕಾಯಿಲೆಯಿಂದ ಕೆಳಗಿನ ಎರಡು ಮುಂಬಲ್ಲುಗಳ ನಡುವೆ ದವಡೆಯ ಎಲುಬು ಸವೆದು ಗುಂಡಿ ಬಿದ್ದಿತ್ತು. ಹಲ್ಲೆರಡೂ ಅಲ್ಲಾಡುತ್ತಿದ್ದವು.

"ಡಾಕ್ಟ್ರೇ, ಇವೆರಡು ಹೋದ್ರೆ ನನ್ನ ಅರ್ಧ ಅಂಗಡಿ ಮುಚ್ಚಿದ ಹಾಗೆ. ಗುಂಡುಸೂಜಿ ಎಲ್ಲಿ ಕಚ್ಕೊಳ್ಳಲಿ?" ಎಂದರು.

"ಇಷ್ಟು ವರ್ಷ ಗುಂಡುಸೂಜಿ ಕಚ್ಚಿದ್ದೂ ಇವಕ್ಕೆ ಒಳ್ಳೇದು ಮಾಡಿಲ್ಲ," ಎಂದೆ.

"ಹಾಗಾದ್ರೆ ಇವಕ್ಕೆ ಚುಚ್ಚಿಸ್ಕೊಂಡು ಅಭ್ಯಾಸ ಇದೆ ಬಿಡಿ. ನೀವು ಶುರು ಮಾಡಿ."

ವಸಡನ್ನು ಬಿಡಿಸಿ, ಗುಂಡಿಯನ್ನು ಕೆರೆದು ಚೊಕ್ಕಟ ಮಾಡಿ, ಅವರದೇ ರಕ್ತದಲ್ಲಿ ಪುಡಿಯನ್ನು ಕಲಸಿ ತುಂಬಿದೆ. ಕಲಸಿದಾಗ ಮೊದಲು ಸ್ವಲ್ಪ ಜಾರುತ್ತಿತ್ತು. ಒತ್ತಿ ಕೂರಿಸಿ ಹೊಲಿದೆ. ನನ್ನ ಹೊಲಿಗೆ ಅವರ ಹೊಲಿಗೆಯಷ್ಟು ನೀಟಾಗಿಲ್ಲ, ಆದರೆ ನಿಲ್ಲುತ್ತದೆ. ಮೂರು ತಿಂಗಳ ನಂತರ ಎಕ್ಸ್‌ರೇ ತೆಗೆದರೆ ಎಲುಬು ಎಷ್ಟು ಬಂದಿದೆಯೆಂದು ತಿಳಿಯುತ್ತದೆ.

ಒಂಬತ್ತನೇ ವಯಸ್ಸಿನ ನಂತರ ನೀನು ಮಾಡಿದ ಗಾಜನ್ನು ನಾನು ಮುಟ್ಟಿದ್ದು ಇದೇ ಮೊದಲು. ಯಾಕೆಂದು ನಿನಗೆ ಗೊತ್ತು.

ಅಪ್ಪನಿಗೆ ಮಂಡಿಗೆ ಬಿಸಿ ಬಟ್ಟೆ ಇಡಲು ಹೇಳು.

ನಿನ್ನ ಮಗಳು

ಏಪ್ರಿಲ್ 23

ಅಮ್ಮ,

ನಿನ್ನ ಎರಡು ಕಾಗದಗಳಿಗೆ ಉತ್ತರಿಸಿಲ್ಲ. ಬರೆಯಲು ಒಳ್ಳೆಯ ಸುದ್ದಿ ಬರಲಿ ಎಂದು ಕಾಯುತ್ತಿದ್ದೆ.

ಟೈಲರಮ್ಮನ ಎಕ್ಸ್‌ರೇ ಮೊನ್ನೆ ಬಂತು. ಎಲುಬು ಬೆಳೆದಿಲ್ಲ. ತುಂಬಿದ ಪುಡಿ ತುಂಬಿದ ಹಾಗೇ ಕೂತಿದೆ, ಅದರ ಸುತ್ತ ಕಪ್ಪು ಗೆರೆ. ಹಲ್ಲುಗಳು ಮೊದಲಿಗಿಂತ ಹೆಚ್ಚು ಅಲ್ಲಾಡುತ್ತಿವೆ.

ದೊಡ್ಡ ಡಾಕ್ಟರು ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ವಿದ್ಯಾರ್ಥಿಗಳನ್ನೆಲ್ಲ ಕರೆದು, ನನ್ನನ್ನು ಮುಂದೆ ನಿಲ್ಲಿಸಿಕೊಂಡರು. "ನೋಡಿ, ಕೈ ಶುದ್ಧವಿಲ್ಲದಿದ್ದರೆ ಹೀಗಾಗುತ್ತೆ. ಎಲ್ಲೋ ಎಂಜಲು ಸೇರಿದೆ, ಇಲ್ಲ ಸರಿಯಾಗಿ ಒತ್ತಿಲ್ಲ," ಎಂದರು. ನಾನು "ಕೀವಿಲ್ಲ ಸರ್, ಊತವೂ ಇಲ್ಲ," ಎಂದೆ. ಎಂಜಲು ಸೇರಿದ್ದರೆ ವಾರದೊಳಗೇ ಕೀವಾಗಬೇಕಿತ್ತು. ಅವರು ಎಕ್ಸ್‌ರೇಯನ್ನು ಇಳಿಸಿ ಲಕೋಟೆಗೆ ಹಾಕಿಟ್ಟರು.

ಅವತ್ತಿನಿಂದ ನನ್ನ ಬೆರಳುಗಳನ್ನೇ ನೋಡುತ್ತಿದ್ದೇನೆ. ಇಂದು ಬೆಳಿಗ್ಗೆ ಒಬ್ಬರಿಗೆ ಬರೀ ಹಲ್ಲು ಶುಚಿ ಮಾಡುವಾಗಲೂ ಕೈ ನಡುಗಿತು. ನನಗೆ ಹೆದರಿಕೆಯಾಗಿದೆ ಅಮ್ಮ. ಬೇರೆ ಯಾರಿಗೂ ಇದನ್ನು ಹೇಳಿಲ್ಲ.

ಮಗಳು

ಮೇ 1

ಗುಬ್ಬಿ,

ಕಾಗದ ಓದಿದೆ. ನಿಮ್ಮ ದೊಡ್ಡ ಡಾಕ್ಟರು ಬಾಯಿಗೆ ಬಂದಂತೆ ಮಾತಾಡುವವರು ಎಂದು ಕಾಣುತ್ತದೆ. ನಿನ್ನ ಕೈ ನಾನು ಕಂಡ ಕೈ. ನಾಲ್ಕನೇ ವಯಸ್ಸಿಗೇ ನೀನು ಸೂಜಿಗೆ ದಾರ ಪೋಣಿಸುತ್ತಿದ್ದೆ.

ಇಲ್ಲಿ ಸೆಖೆ ಶುರುವಾಗಿದೆ. ಕುಲುಮೆಯ ಹತ್ತಿರ ಹೊಸ ಫ್ಯಾನು ಹಾಕಿಸಿದ್ದಾರೆ, ಅದು ಬಿಸಿ ಗಾಳಿಯನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸುತ್ತದೆ, ಅಷ್ಟೇ. ಅಪ್ಪ ಒಂದು ಊರುಗೋಲು ಕೊಂಡಿದ್ದಾರೆ. ಅದನ್ನು ಕಂಕುಳಲ್ಲಿಟ್ಟುಕೊಂಡು ನಡೆಯುತ್ತಾರೆ, ಊರುವುದಿಲ್ಲ.

ಆ ಸೀಸೆಯ ಮೇಲೆ ಎಷ್ಟನೇ ಸಲ ಕರಗಿಸಿದ್ದು ಎಂದು ಹೇಳುವ ಲಾಟು ನಂಬರು ಅಂತ ಒಂದಿರುತ್ತದೆ, ಲೇಬಲ್ಲಿನ ಕೆಳಗೆ, ಸಣ್ಣಕ್ಕೆ. ಏನಿದೆಯೆಂದು ಬರೆ. ಸುಮ್ಮನೆ ಕೇಳಿದೆ.

ಅಮ್ಮ

ಮೇ 8

ಅಮ್ಮ,

ಲಾಟು ನಂಬರು 41. ನಮಗೆ ಬಂದದ್ದು ನಾಲ್ಕು ಸೀಸೆ. ಒಂದನ್ನು ನಾನು ಬಳಸಿದೆ, ಮೂರು ಬೀರುವಿನಲ್ಲಿ ಹಾಗೇ ಇವೆ.

ನೀನು ಸುಮ್ಮನೆ ಏನನ್ನೂ ಕೇಳುವವಳಲ್ಲ.

ಜೂನ್ 12ಕ್ಕೆ ಸಭೆ ಕರೆದಿದ್ದಾರೆ. ನಾನು ಇನ್ನು ಮುಂದೆ ಕತ್ತಿ ಹಿಡಿಯಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. 14ಕ್ಕೆ ದೊಡ್ಡ ಡಾಕ್ಟರೇ ಟೈಲರಮ್ಮನ ವಸಡನ್ನು ಮತ್ತೆ ಬಿಡಿಸಿ, ಪುಡಿಯನ್ನೆಲ್ಲ ಕೆರೆದು, ಎರಡೂ ಹಲ್ಲು ಕೀಳುತ್ತಾರೆ. ಹೇಳಿದಾಗ ಆಕೆ ಅಳಲಿಲ್ಲ, ಬೈಯಲೂ ಇಲ್ಲ. "ಆಗಲಿ ಡಾಕ್ಟ್ರೇ, ನೀವು ಬೇಕಂತ ಮಾಡಿಲ್ಲವಲ್ಲ," ಎಂದರು. ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಈಚೆಗೆ ನಿನ್ನ ಹಳೆಯ ವರ್ಕ್‌ಶಾಪಿನ ಬಾಗಿಲ ಪಕ್ಕದ ಮೊಳೆ ಪದೇ ಪದೇ ನೆನಪಾಗುತ್ತಿದೆ. ಒಡೆದವರು ಒಡೆದ ಚೂರಿಗೆ ತಮ್ಮ ಕೈಯಲ್ಲೇ ಬರೆದ ಚೀಟಿ ಕಟ್ಟಿ ಎಂಟು ದಿನ ಅಲ್ಲಿ ತೂಗುಹಾಕಬೇಕು, ಹೋಗುವವರು ಬರುವವರು ನೋಡಬೇಕು. ಆ ಉದ್ದನೆಯ ಸುರುಳಿ ನಳಿಗೆ ಒಡೆದಾಗ ನಾನು ಅದರ ಪಕ್ಕ ನಿಂತಿದ್ದೆ, ಅಷ್ಟೇ. ಮುಟ್ಟಿಲ್ಲ ಎಂದು ಹೇಳಿದೆ. ನೀನು ನಂಬಲಿಲ್ಲ. "ನಾನು ಒಡೆದೆ" ಎಂದು ಬರೆಸಿದೆ. ಎಂಟು ದಿನ ನಾನು ಹಿತ್ತಲ ಬಾಗಿಲಿಂದ ಓಡಾಡಿದೆ. ಈಗ ಈ ಆಸ್ಪತ್ರೆಯಲ್ಲೂ ಹಾಗೇ ಓಡಾಡುತ್ತಿದ್ದೇನೆ.

ಮಗಳು

ಮೇ 14

ಗುಬ್ಬಿ,

ಸಭೆಯನ್ನು ಮುಂದೂಡಲು ಹೇಳು. ಹಲ್ಲು ಕೀಳುವುದನ್ನಂತೂ ಮುಂದೂಡಲೇಬೇಕು. ಇನ್ನೂ ನಾಲ್ಕು ತಿಂಗಳು ಕಾಯಲಿ. ಆ ಮೂರು ಸೀಸೆಗಳನ್ನು ಯಾರೂ ಮುಟ್ಟದಂತೆ ಬೀಗ ಹಾಕಿಡು.

ಚೆನ್ನಾಗಿ ಊಟ ಮಾಡು. ಕೈ ನಡುಗುವುದು ಹೊಟ್ಟೆ ಖಾಲಿಯಿದ್ದಾಗ.

ಅಮ್ಮ

ಮೇ 21

ಅಮ್ಮ,

ಕಾಯಿರಿ ಎಂದು ಯಾವ ಬಾಯಲ್ಲಿ ಹೇಳಲಿ? "ಯಾಕೆ?" ಎಂದು ಕೇಳಿದರೆ "ನಮ್ಮಮ್ಮ ಹೇಳಿದ್ದಾರೆ" ಎನ್ನಲೇ? ನಾನು ಮೂವತ್ತೊಂದು ವರ್ಷದ ಡಾಕ್ಟರು, ಊಟ ಮಾಡು ಎನ್ನುತ್ತೀಯ.

ನಂಬರು ಕೇಳುತ್ತೀಯ, ಬೀಗ ಹಾಕು ಎನ್ನುತ್ತೀಯ, ನಾಲ್ಕು ತಿಂಗಳು ಎನ್ನುತ್ತೀಯ. ಮೂರು ತಿಂಗಳಲ್ಲ, ಐದೂ ಅಲ್ಲ, ನಾಲ್ಕು. ನಿನಗೇನೋ ಗೊತ್ತಿದೆ. ಹೇಳುವುದಿದ್ದರೆ ಹೇಳು. ಇಲ್ಲದಿದ್ದರೆ ಅಪ್ಪನ ಮಂಡಿ, ಫ್ಯಾನಿನ ಗಾಳಿ ಇವೆಲ್ಲ ಬರೆಯಬೇಡ. ಓದುವ ತಾಳ್ಮೆ ನನಗಿಲ್ಲ.

ಸಭೆಗೆ ಇನ್ನು ಇಪ್ಪತ್ತೆರಡು ದಿನ.

ಜೂನ್ 2

ಮಗಳೇ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇಂದು ಅಪ್ಪ ಹರಿದ ಹಾಳೆಗಳನ್ನು ಆಯ್ದುಕೊಂಡು ಎದುರಿಗೆ ಕೂತರು. ನನಗೆ ಕೇಳಿಸಲಿ ಎಂದು ಒಂದು ಹಾಳೆಯ ಹಿಂದೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದರು: "ಇವತ್ತು ಅಂಚೆಗೆ ಹಾಕದಿದ್ದರೆ ನಾನೇ ಹೋಗಿ ಹೇಳ್ತೀನಿ." ಆ ಮಂಡಿಯಲ್ಲಿ!

ತಪ್ಪು ನಿನ್ನ ಕೈಯದಲ್ಲ. ನನ್ನದು.

ಕಳೆದ ನವೆಂಬರಿನಲ್ಲಿ 41ನೇ ಲಾಟು ಕರಗಿ ಸಿದ್ಧವಾಗಿತ್ತು. ಅದೇ ಹೊತ್ತಿಗೆ ತೊಟ್ಟಿಯ ಬೆಸುಗೆ ಬಿಟ್ಟು ನೀರೆಲ್ಲ ನೆಲದ ಮೇಲೆ ಹರಿಯಿತು. ಮೂಸೆಯನ್ನು ಕುಲುಮೆಯಲ್ಲಿ ಹಾಗೇ ಬಿಡುವಂತಿರಲಿಲ್ಲ. ಕಬ್ಬಿಣದ ಹಲಗೆಯ ಮೇಲೆ ಸುರಿದೆ. ಅಲ್ಲೇ ಬಿಟ್ಟು, ಒಡೆದ ಮೇಲೆ ಎತ್ತಿಟ್ಟು, ತೊಟ್ಟಿ ರಿಪೇರಿಯಾದ ನಂತರ ಮತ್ತೆ ಕರಗಿಸಬೇಕಿತ್ತು. ನಿಯಮ ಅದೇ. ಆದರೆ ಆ ಕೆಂಪು ಹಾಳೆ ಹಲಗೆಯ ಮೇಲೆ ಮಲಗಿತ್ತು, ಇನ್ನೇನು ಬಿರುಕು ಬಿಡುತ್ತದೆ ಎಂದು ನೋಡಲಾಗಲಿಲ್ಲ. ನನ್ನ ಕೈ ತಾನಾಗಿ ಇಕ್ಕಳ ತೆಗೆದುಕೊಂಡು ಅದನ್ನು ಎತ್ತಿ ಮೂಲೆಯ ಹಳೆಯ ಬಿಸಿ ಗೂಡಿನಲ್ಲಿಟ್ಟಿತು. ಮರುದಿನ ಬೆಳಿಗ್ಗೆ ತೆಗೆದೆ. ಒಂದು ಬಿರುಕಿಲ್ಲ! ಹೆಮ್ಮೆಯಾಯಿತು. ಅಂಚಿನಲ್ಲಿ ಮಾತ್ರ ಹಾಲಿನ ಕೆನೆಯಂತೆ ಮಸುಕಾಗಿತ್ತು. ಅದನ್ನೂ ಕಂಡೆ. ಅರೆದರೆ ಎಲ್ಲ ಗಾಜೂ ಬೆಳ್ಳಗೇ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡು ಅರೆದೆ. ರಿಜಿಸ್ಟರಿನಲ್ಲಿ "ನೀರಿಗೆ ಸುರಿದ ಸಮಯ" ಎನ್ನುವ ಕಡೆ ಒಂದು ಸಮಯ ಬರೆದೆ. ಸುಳ್ಳು ಸಮಯ.

ನೀರಿಗೆ ಬಿದ್ದ ಗಾಜಿಗೆ ಒಳಗೆ ಸಾಲು ಕಟ್ಟಿಕೊಳ್ಳಲು ಹೊತ್ತು ಸಿಗುವುದಿಲ್ಲ, ಅದಕ್ಕೇ ಮೈಯಲ್ಲಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ಗೂಡು ಅದಕ್ಕೆ ಹೊತ್ತು ಕೊಟ್ಟಿತು. ಅದು ಒಳಗೊಳಗೇ ಗಟ್ಟಿ ಕಟ್ಟಿಕೊಂಡಿತು.

ನಿನ್ನ ಕಾಗದದಲ್ಲಿ ನಂಬರು ಕಂಡ ಮೇಲೆ ಉಳಿದಿದ್ದ ಪುಡಿಯನ್ನು ಪರೀಕ್ಷೆಯ ಕೋಣೆಯ ಕನ್ನಡಕದ ಹುಡುಗಿಗೆ ಗುಟ್ಟಾಗಿ ಕೊಟ್ಟೆ. ರಕ್ತದ ಉಪ್ಪುಗಳೇ ಇರುವ ನೀರಿನಲ್ಲಿ ನೆನೆಹಾಕಿ ನೋಡುವ ಪರೀಕ್ಷೆ ಅದು. ಒಳ್ಳೆಯ ಪುಡಿಯ ಮೇಲೆ ಒಂದೆರಡು ದಿನಕ್ಕೇ ಎಲುಬಿನಂಥ ಪೊರೆ ಬರುತ್ತದೆ. ಇದಕ್ಕೆ ಹೆಚ್ಚುಕಡಿಮೆ ಮೂರು ವಾರ ಹಿಡಿಯಿತು. ಆದರೆ ಬಂತು. ಗುಬ್ಬಿ, ಅದು ಸತ್ತಿಲ್ಲ, ನಿಧಾನ. ನಾಲ್ಕು ತಿಂಗಳು ಎಂದದ್ದು ನನ್ನ ಅಂದಾಜು. ಹಲ್ಲು ಕೀಳಲು ಬಿಡಬೇಡ. ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿದ್ದೇನೆ ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. ಹೆದರಿ ಸುಮ್ಮನಿದ್ದೆ.

ಇನ್ನೊಂದಿದೆ. ಇದನ್ನು ಬರೆಯುವುದೇ ಹೆಚ್ಚು ಕಷ್ಟ. ಆ ಸುರುಳಿ ನಳಿಗೆಯನ್ನು ನೀನು ಒಡೆಯಲಿಲ್ಲ. ಗಿರಾಕಿ ಅವಸರ ಮಾಡಿದನೆಂದು ಸಂಜೆ ತೆಗೆಯಬೇಕಾದ್ದನ್ನು ನಾನು ಮಧ್ಯಾಹ್ನವೇ ಗೂಡಿನಿಂದ ತೆಗೆದಿದ್ದೆ. ಅದು ಒಳಗಿನ ಬಿಗಿತದಿಂದ ತಾನಾಗಿ ಸೀಳಿತು. ನೀನು ಚೀಟಿ ಕಟ್ಟಿದ ಮೂರನೇ ದಿನ ಚೂರನ್ನು ಕೈಯಲ್ಲಿ ಹಿಡಿದು ನೋಡಿದಾಗಲೇ ನನಗೆ ತಿಳಿಯಿತು. ಆದರೂ ಉಳಿದ ಐದು ದಿನ ಅದನ್ನು ಅಲ್ಲೇ ಬಿಟ್ಟೆ. ಕೆಲಸ ಕಲಿಯಲು ಬಂದ ಹೊಸಬರ ಮುಂದೆ ಹೇಗೆ ಹೇಳಲಿ, ಮಗು ಹೇಗೂ ಮರೆಯುತ್ತದೆ ಎಂದುಕೊಂಡೆ. ಅವತ್ತಿನಿಂದ ಯಾವ ಗಾಜನ್ನೂ ನಾನು ಬೇಗ ಆರಲು ಬಿಟ್ಟಿಲ್ಲ. ಒಂದು ಗಂಟೆ ಸಾಕಾದಲ್ಲಿ ಮೂರು ಗಂಟೆ ಇಟ್ಟಿದ್ದೇನೆ. ಆ ಅಭ್ಯಾಸವೇ ಈಗ ಬಂದು ಮತ್ತೆ ನಿನ್ನ ತಲೆಯ ಮೇಲೆ ಕೂತಿದೆ.

ಆ ಚೀಟಿ ನನ್ನ ಪೆಟ್ಟಿಗೆಯಲ್ಲಿದೆ, ಇಪ್ಪತ್ತೆರಡು ವರ್ಷದಿಂದ. "ಒಡೆದೆ"ಯ ಕೊನೆಯಲ್ಲಿ ಶಾಯಿ ಹರಡಿದೆ.

ಈ ಕಾಗದವನ್ನು ನಿಮ್ಮ ದೊಡ್ಡ ಡಾಕ್ಟರಿಗೆ ತೋರಿಸು.

ಅಮ್ಮ

ಜೂನ್ 6

ಅಮ್ಮ,

ತೋರಿಸಿದೆ. ಓದಿ, ಮಡಚಿ, ವಾಪಸು ಕೊಟ್ಟರು. "ತಾಯಿ ಅಂದ್ರೆ ಹೀಗೇ, ಮಗಳ ಕೆಲಸ ಉಳಿಸೋಕೆ ಏನು ಬೇಕಾದ್ರೂ ಬರೀತಾರೆ. ರಿಜಿಸ್ಟರಿನಲ್ಲಿ ಏನಿದೆ? ನೀರಿಗೆ ಸುರಿದಿದ್ದಾರೆ ಅಂತಿದೆ," ಎಂದರು. ಕಾರ್ಖಾನೆಗೆ ಅವರೇ ಫೋನು ಮಾಡಿ ಕೇಳಿದ್ದಾರಂತೆ. ನಿನ್ನ ಸುಳ್ಳು ನಿನ್ನ ನಿಜಕ್ಕಿಂತ ಗಟ್ಟಿಯಾಗಿ ನಿಂತಿದೆ.

ಎರಡನೆಯ ವಿಷಯದ ಬಗ್ಗೆ ಈಗ ಏನೂ ಬರೆಯಲಾರೆ. ಬರೆದರೆ ಕೆಟ್ಟದಾಗಿ ಬರೆಯುತ್ತೇನೆ. ನನಗೆ ಎಷ್ಟು ಸಿಟ್ಟು ಬಂದಿದೆಯೆಂದರೆ ನಿನ್ನೆ ಇಡೀ ದಿನ ಕೈ ನಡುಗಲೇ ಇಲ್ಲ.

ನೀನು ಪ್ರತಿ ಸಲ ಕರಗಿಸಿದಾಗಲೂ ಒಂದು ಚೂರನ್ನು ತೆಗೆದು ತಾರೀಖು ಬರೆದು ಡಬ್ಬಿಯಲ್ಲಿಡುತ್ತಿದ್ದೆ. ಚಿಕ್ಕವಳಿದ್ದಾಗ ನಾನು ಅವುಗಳ ಜೊತೆ ಆಡುತ್ತಿದ್ದೆ. ಆ ಚಾಳಿ ಇನ್ನೂ ಇದೆಯೇ? ಇದ್ದರೆ, 41ರ ಚೂರು ಇದ್ದರೆ, 12ಕ್ಕೆ ಬಾ. ಬೆಳಿಗ್ಗೆ ಹನ್ನೊಂದಕ್ಕೆ, ಎರಡನೇ ಮಹಡಿ. ಜೊತೆಗೆ ಆ ಹುಡುಗಿಯ ಪರೀಕ್ಷೆಯ ಕಾಗದ, ಕಾರ್ಖಾನೆಯ ಯಜಮಾನರ ಸಹಿಯೊಂದಿಗೆ.

ನನಗಾಗಿ ಬರಬೇಡ. ಟೈಲರಮ್ಮನಿಗಾಗಿ ಬಾ.

ಮಗಳು

ಜೂನ್ 16

ಮಗಳೇ,

ಬಸ್ಸು ನೆಟ್ಟಗೆ ತಂದು ಇಳಿಸಿತು. ಅಪ್ಪ ನಿಲ್ದಾಣಕ್ಕೆ ಬಂದಿದ್ದರು, ಊರುಗೋಲನ್ನು ಊರಿಕೊಂಡೇ.

ನಿನ್ನನ್ನು ಒಂದು ಕೇಳಬೇಕು. ಅಲ್ಲೇ ಕೇಳೋಣವೆಂದರೆ ನೀನು ಚಹಾ ಕೊಡಿಸಿ, ಕಿಟಕಿಯ ಸೀಟು ಹಿಡಿದುಕೊಟ್ಟು, ಹೊರಟೇಬಿಟ್ಟೆ.

ಒಳಗೆ ಕರೆಯುವ ತನಕ ಹೊರಗಿನ ಬೆಂಚಿನ ಮೇಲೆ ಕೂತಿದ್ದೆನಲ್ಲ, ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳನ್ನು ತಟ್ಟಿ, ರವಿಕೆಯ ಗುಂಡಿ ಜೋತುಬಿದ್ದಿದೆ ಎಂದು ಸನ್ನೆ ಮಾಡಿದರು. ಚೀಲದಿಂದ ಸೂಜಿ ದಾರ ತೆಗೆದು ಅಲ್ಲೇ ಹೊಲಿದುಕೊಟ್ಟರು. ಕೊನೆಯಲ್ಲಿ ದಾರ ಕಡಿಯಲು ಬಾಯಿ ಹತ್ತಿರ ತಂದವರು ತಟ್ಟನೆ ನಿಲ್ಲಿಸಿ, ಕತ್ತರಿ ಹುಡುಕಿದರು. ಆಗ ಗೊತ್ತಾಯಿತು ಯಾರೆಂದು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಆ ಕತ್ತರಿ ಸಿಗುವಷ್ಟು ಹೊತ್ತಿನಲ್ಲಿ ನಾನು ಅನುಭವಿಸಿದ್ದು ನನಗೇ ಗೊತ್ತು.

ಒಳಗೆ ನಾನು ಏನು ಮಾತಾಡಿದೆನೋ ನನಗೇ ಕೇಳಿಸಲಿಲ್ಲ. ಕೂಗಿದೆನೇ? ಸಭೆ ನಡೆಸುತ್ತಿದ್ದ ಆ ಮುಖ್ಯಸ್ಥೆ ಹಿಂದಕ್ಕೆ ವಾಲಿದ್ದು ನೋಡಿದರೆ ಕೂಗಿರಬೇಕು. 41ರ ಚೂರನ್ನು ಕಿಟಕಿಗೆ ಹಿಡಿದೆ, ಪಕ್ಕದಲ್ಲಿ 40ರದ್ದನ್ನು ಹಿಡಿದೆ. ಒಂದು ನೀರಿನಂತೆ ತಿಳಿ, ಇನ್ನೊಂದರ ಅಂಚು ಮಸುಕು. ಕುರುಡರಿಗೂ ಕಾಣುವಂತಿತ್ತು. ದೊಡ್ಡ ಡಾಕ್ಟರು ಎರಡನ್ನೂ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ನೀನು ಎದ್ದು ನಿಂತೆ. ನಿನ್ನ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಎಲ್ಲರೂ ನಿನ್ನ ಕಡೆ ತಿರುಗಿದರು, ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೀನು ಏನು ಹೇಳಿದೆ? ನನ್ನ ಬಗ್ಗೆ ಬೈದಿದ್ದರೂ ಪರವಾಗಿಲ್ಲ, ಬರೆ.

ಯಜಮಾನರು 41ನೇ ಲಾಟು ಹೋದ ಕಡೆಗೆಲ್ಲ ಪತ್ರ ಬರೆದು ಸೀಸೆಗಳನ್ನು ವಾಪಸು ಕರೆಸುತ್ತಿದ್ದಾರೆ. ನನ್ನನ್ನು ಕುಲುಮೆಯಿಂದ ತೆಗೆದು ಜರಡಿಗೆ ಕೂರಿಸಿದ್ದಾರೆ. ಕುಲುಮೆಯ ಬಾಗಿಲು ದಾಟುವಾಗ ಮುಖ ತಿರುಗಿಸಿಕೊಂಡು ಹೋಗುತ್ತೇನೆ. ದುಃಖವಾಗುತ್ತದೆ, ಆದರೆ ಅನ್ಯಾಯ ಎನಿಸುವುದಿಲ್ಲ. ಈ ಕಾರ್ಖಾನೆಯಲ್ಲಿ ಅಂಥ ಮೊಳೆ ಇರಲಿಲ್ಲ. ನಾನೇ ಬಾಗಿಲ ಪಕ್ಕ ಒಂದು ಹೊಡೆದು, ರಿಜಿಸ್ಟರಿನ ಆ ಹಾಳೆಯ ನಕಲನ್ನು "ನಾನು ಒಡೆದೆ" ಎಂದು ಬರೆದು ತೂಗುಹಾಕಿದ್ದೇನೆ. ಎಂಟು ದಿನ ಮುಂಬಾಗಿಲಿಂದಲೇ ಓಡಾಡುತ್ತೇನೆ.

ನಿನ್ನ ಹಳೆಯ ಚೀಟಿಯನ್ನು ಏನು ಮಾಡಲಿ? ನೀನು ಹೇಳಿದಂತೆ.

ಅಮ್ಮ

ಜೂನ್ 24

ಅಮ್ಮ,

ನೀನು ಕೂಗಿದೆ. ಕೆಳಗಿನ ಮಹಡಿಯವರೂ ಬಂದು ಇಣುಕಿದರು.

ನಾನು ಹೇಳಿದ್ದು ಇಷ್ಟು. "ನಮ್ಮ ತಾಯಿ ಹೇಳಿದ್ದು ಸರಿ. ಆದರೆ ತಪ್ಪು ಅವರೊಬ್ಬರದೇ ಅಲ್ಲ. ಒಳ್ಳೆಯ ಪುಡಿ ರಕ್ತದಲ್ಲಿ ಕಲಸಿದ ತಕ್ಷಣ ಮುದ್ದೆ ಕಟ್ಟುತ್ತೆ. ಇದು ಕಟ್ಟಲಿಲ್ಲ, ಚಮಚದಿಂದ ಮರಳಿನ ಹಾಗೆ ಜಾರ್ತಾ ಇತ್ತು. ನಾನು ನೋಡಿದೆ. ಸೀಸೆ ಬದಲಾಯಿಸಬೇಕಿತ್ತು, ನಿಮ್ಮನ್ನು ಕರೀಬೇಕಿತ್ತು. ಎರಡೂ ಮಾಡಲಿಲ್ಲ. ಅದು ನಮ್ಮಮ್ಮನ ಗಾಜು, ಅದು ತಪ್ಪಾಗಿರೋಕೆ ಸಾಧ್ಯವೇ ಇಲ್ಲ ಅಂದ್ಕೊಂಡೆ."

ಜನವರಿಯಲ್ಲೇ ನಿನಗೆ ಬರೆದಿದ್ದೆ, ಸ್ವಲ್ಪ ಜಾರುತ್ತಿತ್ತು ಎಂದು. ಬರೆದು ಮುಂದಿನ ಸಾಲಿಗೆ ಹೋಗಿಬಿಟ್ಟೆ. ನಾವಿಬ್ಬರೂ ಕಂಡೂ ಮುಂದೆ ಹೋದವರೇ.

ದೊಡ್ಡ ಡಾಕ್ಟರು "ಹದಿನಾಲ್ಕರ ಆಪರೇಷನ್ ಬೇಡ. ಕಾಯೋಣ," ಎಂದರು. ನಾನು ಆರು ತಿಂಗಳು ಒಬ್ಬಳೇ ಕತ್ತಿ ಹಿಡಿಯುವಂತಿಲ್ಲ, ಅವರು ಪಕ್ಕದಲ್ಲಿರಬೇಕು. ಹೊರಗೆ ಬಂದು ಟೈಲರಮ್ಮನಿಗೆ ಎಲ್ಲ ಹೇಳಿದೆ, ನೀನು ಯಾರೆಂಬುದನ್ನೂ. ಅವರು ನಿನ್ನ ರವಿಕೆಯ ಗುಂಡಿಯನ್ನೇ ನೋಡುತ್ತಾ ನಿಂತುಬಿಟ್ಟರು.

ಬಸ್ಸಿನ ಹತ್ತಿರ ನಾನು ಮಾತಾಡಲಿಲ್ಲ, ನಿಜ. ಚೀಟಿಯ ಬಗ್ಗೆ ಇನ್ನೂ ಗೊತ್ತಿಲ್ಲ.

ಮಗಳು

ಅಕ್ಟೋಬರ್ 9

ಅಮ್ಮ,

ಎಡಗಡೆಯ ಹಲ್ಲು ನಿಲ್ಲಲಿಲ್ಲ. ಆಗಸ್ಟಿನಲ್ಲಿ ತೆಗೆಯಬೇಕಾಯಿತು. ದೊಡ್ಡ ಡಾಕ್ಟರು ಇಕ್ಕಳವನ್ನು ನನ್ನ ಕೈಗೇ ಕೊಟ್ಟರು, ನಾನೇ ತೆಗೆದೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಇಂದು ಬಲಗಡೆಯ ಹಲ್ಲಿನ ಎಕ್ಸ್‌ರೇ ಬಂತು. ಲಕೋಟೆಯನ್ನು ಬಿಚ್ಚದೆ ಅರ್ಧ ಗಂಟೆ ಮೇಜಿನ ಮೇಲಿಟ್ಟುಕೊಂಡಿದ್ದೆ. ಕೊನೆಗೆ ದೊಡ್ಡ ಡಾಕ್ಟರೇ ಬಂದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಗುಂಡಿಯ ತಳದಿಂದ ಅರ್ಧದವರೆಗೆ ಬೆಳ್ಳಗಾಗಿದೆ ಅಮ್ಮ. ಎಲುಬು. ಕಪ್ಪು ಗೆರೆ ಅಳಿಸಿದೆ. ಬೆರಳಿನಿಂದ ಅಲ್ಲಾಡಿಸಿ ನೋಡಿದೆ, ಹಲ್ಲು ಅಲ್ಲಾಡಲಿಲ್ಲ. ಮತ್ತೊಮ್ಮೆ ಅಲ್ಲಾಡಿಸಲು ಹೋದಾಗ ಟೈಲರಮ್ಮ ನನ್ನ ಕೈ ಹಿಡಿದುಕೊಂಡು, "ಸಾಕು ಬಿಡಿ ಡಾಕ್ಟ್ರೇ, ನೀವೇ ಕಿತ್ತುಬಿಡ್ತೀರ," ಎಂದರು. ಅವರೀಗ ಗುಂಡುಸೂಜಿ ಚುಚ್ಚಿಡಲು ಮಣಿಕಟ್ಟಿಗೆ ಹತ್ತಿಯ ಪುಟ್ಟ ದಿಂಬು ಕಟ್ಟಿಕೊಂಡಿದ್ದಾರೆ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ನಿಮ್ಮಮ್ಮನ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ ನಂಗೆ. ಒಂದು ಹಲ್ಲು ಹೋಯ್ತಲ್ಲ. ಆದರೆ ಆ ರವಿಕೆ ಗುಂಡಿ ಮತ್ತೆ ಸಡಿಲ ಆದ್ರೆ ಬರೋಕೆ ಹೇಳಿ."

ನನ್ನ ಸಿಟ್ಟೂ ಹಾಗೇ ಇದೆ. ಅರ್ಧ ತುಂಬಿದೆ, ಅರ್ಧ ಇನ್ನೂ ಗುಂಡಿ.

ಇಪ್ಪತ್ತಕ್ಕೆ ಮನೆಗೆ ಬರುತ್ತೇನೆ, ನಾಲ್ಕು ದಿನ ಇರುತ್ತೇನೆ. ಅವತ್ತು ಚಹಾದ ಅಂಗಡಿಯಲ್ಲಿ ನೀನು ಬಿಸ್ಕತ್ತನ್ನು ಬಲಗಡೆಯಲ್ಲೇ ಅಗಿಯುತ್ತಿದ್ದೆ. ಎಡಗಡೆಯಲ್ಲಿ ಏನೋ ಮುಚ್ಚಿಡುತ್ತಿದ್ದೀಯ. ಬಂದ ತಕ್ಷಣ ಬಾಯಿ ತೆರೆಸಿ ನೋಡುತ್ತೇನೆ, ತಪ್ಪಿಸಿಕೊಳ್ಳಬೇಡ.

ಚೀಟಿಯನ್ನು ಏನು ಮಾಡಲಿ ಎಂದು ಕೇಳಿದ್ದೆ. ನಾಲ್ಕು ತಿಂಗಳು ಯೋಚಿಸಿದೆ. ನಾನು ಬರುವವರೆಗೆ ಇಟ್ಟುಕೊಂಡಿರಬೇಡ. ಈ ಕಾಗದ ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ಒಲೆಗೆ ಹಾಕು. ನಿಧಾನ ಮಾಡಬೇಡ ಅಮ್ಮ.

ನಿನ್ನ ಗುಬ್ಬಿ